ಸಖರಾಯಪಟ್ಟಣದಿಂದ ಮಸಾಯಿ ಮಾರಾಕ್ಕೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2004ರಲ್ಲಿ ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಚಿಕ್ಕಮಗಳೂರಿನಲ್ಲಿ ಪಿಯುಸಿ, ಹಾಸನದಲ್ಲಿ ಬಿಇ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಸಮಿತಿಯವರು ಫೋನ್ ಮಾಡಿ, "ಆಫ್ರಿಕಾಕ್ಕೆ ಹೋಗಿ ಬಂದಿದ್ದೀರಂತೆ, ಮಕ್ಕಳಿಗೆ ಅದನ್ನೇ ಹೇಳಿ" ಅಂದರು. ಸಿಂಹ ನೋಡಿದ್ದನ್ನು ಹೇಳುವುದು ಸುಲಭ. ಆದರೆ ಈ ಶಾಲೆಯಲ್ಲಿ ನಿಂತು ಆ ವಿಷಯ ಮಾತಾಡಬೇಕಾದರೆ ನಾನು ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು.

ಒಂಬತ್ತನೇ ತರಗತಿಯಲ್ಲಿ ನಮಗೆ ಭೂಗೋಳ ಪಾಠ ಮಾಡಿದ ಮೇಷ್ಟ್ರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಒಂದು ದಿನ ಅವರು "ಸವನ್ನಾ ಅಂದರೆ ಏನು?" ಎಂದು ಕೇಳಿದರು. ನಾನು ಎದ್ದು ನಿಂತು ಪುಸ್ತಕದಲ್ಲಿದ್ದ ನಾಲ್ಕು ಸಾಲನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಎತ್ತರದ ಹುಲ್ಲು, ಅಲ್ಲಲ್ಲಿ ಮರ, ಆಫ್ರಿಕಾ ಖಂಡ, ಜಿರಾಫೆ. ಮೇಷ್ಟ್ರು ಕೇಳಿಸಿಕೊಂಡು, "ಬಾಯಿಪಾಠ ಸರಿ ಇದೆ. ಒಂದು ಭಾನುವಾರ ಬಾಸೂರು ಕಾವಲಿಗೆ ಹೋಗಿ ನೋಡಿಕೊಂಡು ಬಾ, ಆಮೇಲೆ ಇನ್ನೊಂದು ಸಲ ಹೇಳು" ಅಂದರು. ನಾನು ಹೋಗಲಿಲ್ಲ. ಇಪ್ಪತ್ತು ವರ್ಷ ಹೋಗಲಿಲ್ಲ. ಕೊನೆಗೆ ಹೋದದ್ದು ಕೀನ್ಯಾ ಸುತ್ತಿ ಬಂದ ಮೇಲೆ.

ಪ್ರವಾಸಕ್ಕೆ ಹೊರಟವರು ನಾಲ್ಕು ಜನ. ನಾನು, ನನ್ನ ಹೆಂಡತಿ, ಏಳು ವರ್ಷದ ಮಗಳು ಮತ್ತು ನಮ್ಮಪ್ಪ. ಅಪ್ಪನಿಗೆ ಅರವತ್ತಾರು. ರಾಗಿ, ಈರುಳ್ಳಿ, ಹತ್ತಿಪ್ಪತ್ತು ತೆಂಗಿನ ಮರ, ಒಂದು ಜೊತೆ ಎತ್ತು, ಇಷ್ಟರಲ್ಲಿ ಅವರ ಬದುಕು. ಅಮ್ಮ ತೀರಿಕೊಂಡ ಮೇಲೆ ಬೆಂಗಳೂರಿಗೆ ಬನ್ನಿ ಅಂದರೆ ಬರುತ್ತಿರಲಿಲ್ಲ. "ದುಡ್ಡು ಕೊಟ್ಟು ಕಾಡುಪ್ರಾಣಿ ನೋಡೋಕೆ ಅಷ್ಟು ದೂರ ಯಾಕೆ? ನಮ್ಮ ತೋಟಕ್ಕೆ ಹಂದಿ ಬರ್ತವಲ್ಲ, ನೋಡು" ಅಂದರು. ಮೊಮ್ಮಗಳು "ತಾತ, ನೀನು ಬರದಿದ್ದರೆ ನಾನೂ ಹೋಗಲ್ಲ" ಅಂತ ಹಟ ಹಿಡಿದ ಮೇಲೆ ಒಪ್ಪಿದರು.

ಪಾಸ್‌ಪೋರ್ಟ್ ಮಾಡಿಸಲು ಹೋದಾಗ ಅಪ್ಪನ ಬೆರಳಚ್ಚು ಯಂತ್ರಕ್ಕೆ ಸಿಗಲಿಲ್ಲ. ನಲವತ್ತೈದು ವರ್ಷ ನೇಗಿಲು, ಹಗ್ಗ, ಗುದ್ದಲಿ ಹಿಡಿದ ಕೈ. ಗೆರೆಗಳೇ ಸವೆದುಹೋಗಿದ್ದವು. ಅಲ್ಲಿದ್ದ ಹುಡುಗಿ ತಾಳ್ಮೆಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ, ಒತ್ತಿಸಿ, ನಾಲ್ಕೈದು ಸಲ ಪ್ರಯತ್ನಿಸಿ ತೆಗೆದುಕೊಂಡಳು. ದಿನವೆಲ್ಲ ಕೀಬೋರ್ಡ್ ಕುಟ್ಟುವ ನನ್ನ ಬೆರಳು ಮೊದಲ ಸಲಕ್ಕೇ ಸಿಕ್ಕಿತು. ನನ್ನ ಬಿಇ ಫೀಸು ಯಾವ ಕೈಯಿಂದ ಬಂತು ಅನ್ನುವುದು ಅವತ್ತು ಸರಿಯಾಗಿ ಕಣ್ಣಿಗೆ ಬಿತ್ತು.

ಮುಂದೆ ಹೋಗುವವರಿಗೆ ಉಪಯೋಗವಾಗಲಿ ಎಂದು ಒಂದೆರಡು ವಿಷಯ ಹೇಳುತ್ತೇನೆ. ಕೀನ್ಯಾಕ್ಕೆ ಹೋಗಿ ಬರುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿರಬೇಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಕಿ 10 ದಿನವಾದ ಮೇಲಷ್ಟೇ ಆ ಪತ್ರಕ್ಕೆ ಬೆಲೆ. ಅರವತ್ತು ದಾಟಿದವರನ್ನು ವೈದ್ಯರು ವಿಚಾರಿಸಿ ನೋಡಿಯೇ ಹಾಕುವುದು. ಇನ್ನೊಂದು, ಆ ದೇಶದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ. ನನ್ನ ಅತ್ತಿಗೆ ಚಕ್ಕುಲಿ, ನಿಪ್ಪಟ್ಟು, ಚಟ್ನಿಪುಡಿಯನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ಕಟ್ಟಿಕೊಟ್ಟಿದ್ದರು. ಹೊರಡುವ ಹಿಂದಿನ ರಾತ್ರಿ ಅದನ್ನೆಲ್ಲ ಬಿಚ್ಚಿ ಸ್ಟೀಲ್ ಡಬ್ಬಿಗೂ ಬಟ್ಟೆ ಚೀಲಕ್ಕೂ ತುಂಬಿದೆವು. ಮೂರನೆಯದು, ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಆಗಸ್ಟ್ ತಿಂಗಳು. ಅಪ್ಪ ಶಕುನ ರಂಗನಾಥಸ್ವಾಮಿಗೆ ಕೈ ಮುಗಿದು, ಎತ್ತುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ಬಸ್ಸು ಹತ್ತಿದರು. ಕಡೂರಿನಿಂದ ರೈಲು. ಬೆಂಗಳೂರಿನ ನಮ್ಮ ಮನೆಯಲ್ಲಿ ಒಂದು ರಾತ್ರಿ. ಮಾರನೆಯ ದಿನ ಸಂಜೆ ದೇವನಹಳ್ಳಿಯ ವಿಮಾನ ನಿಲ್ದಾಣ, ಅಲ್ಲಿಂದ ಮುಂಬೈ. ಮುಂಬೈಯಲ್ಲಿ ರಾತ್ರಿಯೆಲ್ಲ ಕುರ್ಚಿಯ ಮೇಲೆ. ಮಗಳು ತಾತನ ಕಂಬಳಿಯೊಳಗೆ ಮುದುರಿ ಮಲಗಿದಳು. "ಆಫ್ರಿಕಾಕ್ಕೆ ಕಂಬಳಿ ಯಾಕಪ್ಪ, ಅಲ್ಲಿ ಬಿಸಿಲು" ಎಂದು ನಾನು ಹೊರಡುವಾಗ ನಕ್ಕಿದ್ದೆ. ಬೆಳಗಿನ ಜಾವದ ವಿಮಾನ ಅರಬ್ಬೀ ಸಮುದ್ರದ ಮೇಲೆ ಹಾರಿ, ಸುಮಾರು ಆರು ಗಂಟೆಯಲ್ಲಿ ಭೂಮಧ್ಯರೇಖೆ ದಾಟಿ ನೈರೋಬಿಯಲ್ಲಿ ಇಳಿಯಿತು. ಊರು ಬಿಟ್ಟು ಸುಮಾರು ನಲವತ್ತು ಗಂಟೆ ಆಗಿತ್ತು. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನಾವೆಲ್ಲ ಸಮಯ ಬದಲಿಸಿಕೊಂಡೆವು. ಅಪ್ಪ ಮಾತ್ರ ತಮ್ಮ ಎಚ್‌ಎಂಟಿ ಗಡಿಯಾರ ಮುಟ್ಟಲಿಲ್ಲ. "ಎತ್ತಿಗೆ ನೀರು ತೋರಿಸೋ ಹೊತ್ತು ನನಗೆ ಗೊತ್ತಾಗಬೇಕು" ಅಂದರು. ಪ್ರವಾಸ ಮುಗಿಯುವ ತನಕ ಅವರ ಕೈಯಲ್ಲಿ ಸಖರಾಯಪಟ್ಟಣದ ಸಮಯವೇ ನಡೆಯಿತು.

ವಿಮಾನದಿಂದ ಇಳಿದರೆ ಚಳಿಗಾಳಿ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ಹೆಚ್ಚುಕಡಿಮೆ ಗಿರಿಯ ನೆತ್ತಿಯ ಮೇಲೆ ಒಂದು ದೊಡ್ಡ ನಗರ ಕಟ್ಟಿದ ಹಾಗೆ. ಮಸಾಯಿ ಭಾಷೆಯಲ್ಲಿ ಆ ಹೆಸರಿನ ಅರ್ಥವೇ ತಣ್ಣೀರಿನ ಜಾಗ. ಅಪ್ಪ ನನ್ನ ಮುಖ ನೋಡಿ, ಏನೂ ಹೇಳದೆ ಕಂಬಳಿ ಹೊದ್ದುಕೊಂಡರು.

ನಮ್ಮ ಮೂರು ಪೆಟ್ಟಿಗೆಗಳಲ್ಲಿ ಎರಡು ಬಂದವು. ಬಾರದ ಪೆಟ್ಟಿಗೆಯಲ್ಲೇ ಅಪ್ಪನ ಬಿಪಿ ಮಾತ್ರೆ. ಜೇಬಿನಲ್ಲಿದ್ದದ್ದು ಒಂದು ದಿನದ್ದು ಮಾತ್ರ. ನಲವತ್ತು ಗಂಟೆ ಸರಿಯಾಗಿ ನಿದ್ದೆ ಇಲ್ಲದ ಮನುಷ್ಯ, ಅರವತ್ತಾರು ವರ್ಷ, ಗೊತ್ತಿಲ್ಲದ ದೇಶ. ನನ್ನ ಕೈ ನಡುಗಿತು. ಹೋಟೆಲಿಗೆ ಹೋಗುವ ದಾರಿಯಲ್ಲಿ ನಮ್ಮ ಚಾಲಕ ಒಂದು ಔಷಧಿ ಅಂಗಡಿ ಮುಂದೆ ನಿಲ್ಲಿಸಿದ. ಒಳಗೆ ಕೂತಿದ್ದವರು ಗುಜರಾತಿ ಮೂಲದ ವಯಸ್ಸಾದ ಮಹಿಳೆ, ಅಲ್ಲೇ ಹುಟ್ಟಿ ಬೆಳೆದವರು. ವೈದ್ಯರ ಚೀಟಿಯ ಫೋಟೊ ನನ್ನ ಫೋನಿನಲ್ಲಿತ್ತು. ನೋಡಿ, ಅದೇ ಔಷಧಿಯ ಮಾತ್ರೆ ಕೊಟ್ಟರು. ಜೊತೆಗೆ ಅಪ್ಪನಿಗೆ ಒಂದು ಕುರ್ಚಿ, ಒಂದು ಲೋಟ ಚಹಾ. ಸ್ವಾಹಿಲಿಯಲ್ಲೂ ಚಹಾಕ್ಕೆ ಚಾಯ್, ಅಂಗಡಿಗೆ ದುಕಾ, ಚಪಾತಿಗೆ ಚಪಾತಿಯೇ. ಪೆಟ್ಟಿಗೆ ಮೂರನೆಯ ದಿನ ಬಂತು.

ಅಲ್ಲಿ ಭಾರತದವರು ಇಷ್ಟು ಜನ ಯಾಕಿದ್ದಾರೆ ಎಂದು ಮಕ್ಕಳಿಗೆ ಅನಿಸಬಹುದು. ವ್ಯಾಪಾರಕ್ಕೆ ಹೋದವರು ಹಿಂದಿನಿಂದಲೂ ಇದ್ದರು. 1896ರಿಂದ 1901ರ ತನಕ ಬ್ರಿಟಿಷರು ಮೊಂಬಾಸ ಬಂದರಿನಿಂದ ವಿಕ್ಟೋರಿಯಾ ಸರೋವರದ ತನಕ ರೈಲು ದಾರಿ ಹಾಕಿದರು. ಅದಕ್ಕೆ ಇಲ್ಲಿಂದ ಸುಮಾರು 32,000 ಕೂಲಿಗಳನ್ನು ಕರೆದೊಯ್ದರು. ಸುಮಾರು 2,500 ಜನ ಅಲ್ಲೇ ಸತ್ತರು. 1898ರಲ್ಲಿ ತ್ಸಾವೋ ಎಂಬಲ್ಲಿ ಎರಡು ನರಭಕ್ಷಕ ಸಿಂಹಗಳು ಕೂಲಿಗಳ ಡೇರೆಗೇ ನುಗ್ಗಿ ಎಳೆದೊಯ್ಯುತ್ತಿದ್ದವು. ನೈರೋಬಿ ಹುಟ್ಟಿದ್ದೇ ಆ ರೈಲಿನ ಒಂದು ತಂಗುದಾಣವಾಗಿ, 1899ರಲ್ಲಿ. ಇದನ್ನು ಕೇಳಿದ ಅಪ್ಪನಿಗೆ ನಮ್ಮ ಎಮ್ಮೆದೊಡ್ಡಿಯ ಹುಲಿ ನೆನಪಾಯಿತು. ಕೆನೆತ್ ಆಂಡರ್ಸನ್ ತಮ್ಮ ಪುಸ್ತಕದಲ್ಲಿ ಬರೆದಿರುವ ಆ ನರಭಕ್ಷಕನ ಕಥೆಯನ್ನು ಅವರು ಓದಿರಲಿಲ್ಲ. ಅವರಪ್ಪನ ಬಾಯಲ್ಲಿ ಕೇಳಿದ್ದರು.

ರಾತ್ರಿ ಊಟಕ್ಕೆ ಉಗಾಲಿ ತಂದಿಟ್ಟರು. ಮೆಕ್ಕೆಜೋಳದ ಹಿಟ್ಟಿನಿಂದ ತೊಳಸಿದ ಬಿಳಿ ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ. ಅಪ್ಪ ಕೈ ತೊಳೆದು ಬಂದು ಮುರಿದು, ಪಲ್ಯಕ್ಕೆ ಅದ್ದಿ ನುಂಗಿದರು. ಬಡಿಸುತ್ತಿದ್ದ ಹುಡುಗ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಸಾಮಾನ್ಯವಾಗಿ ಹೊರಗಿನಿಂದ ಬಂದವರು ಚಮಚ ಕೇಳುತ್ತಾರಂತೆ. ಬೆಳಿಗ್ಗೆ ಗಂಜಿ ಕೊಟ್ಟರು. ಬಣ್ಣ ನೋಡಿದ ಕೂಡಲೇ ಅಪ್ಪ "ಇದು ರಾಗಿ ಕಣೋ" ಅಂದರು. ಹೌದು, ರಾಗಿಯೇ. ಅಲ್ಲಿ ವಿಂಬಿ ಅನ್ನುತ್ತಾರೆ. ನಾನು ಅವತ್ತೇ ಓದಿ ತಿಳಿದುಕೊಂಡೆ, ರಾಗಿಯನ್ನು ಮೊದಲು ಬೇಸಾಯಕ್ಕೆ ತಂದದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯ ಜನ. ಅದು ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂತು. ಹುಣಸೆಮರದ ಮೂಲವೂ ಆಫ್ರಿಕಾವೇ. ಅಪ್ಪನಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾವು ನೆಂಟರ ಮನೆಗೇ ಬಂದಿದೀವಿ" ಅಂದರು.

ಎರಡನೆಯ ದಿನ ಮಾರಾಕ್ಕೆ ಹೊರಟೆವು. ಸುಮಾರು 270 ಕಿಲೋಮೀಟರ್, ಐದಾರು ಗಂಟೆಯ ದಾರಿ. ಸಫಾರಿ ಅಂದರೆ ಸ್ವಾಹಿಲಿಯಲ್ಲಿ ಪ್ರಾಣಿ ನೋಡುವುದು ಅಂತಲ್ಲ, ಬರೀ ಪ್ರಯಾಣ ಅಂತ. ನಮ್ಮಲ್ಲಿ ಉರ್ದುವಿನಿಂದ ಬಂದ ಸಫರ್ ಮತ್ತು ಅದು ಒಂದೇ ಅರಬ್ಬೀ ಬೇರಿನವು. ನೈರೋಬಿ ದಾಟಿ ಸ್ವಲ್ಪ ದೂರ ಹೋದ ಮೇಲೆ, ಮುಳ್ಳಯ್ಯನಗಿರಿಗಿಂತ ಎತ್ತರದ ಒಂದು ಅಂಚಿನಲ್ಲಿ ಚಾಲಕ ಗಾಡಿ ನಿಲ್ಲಿಸಿದ. ಕೆಳಗೆ ರಿಫ್ಟ್ ಕಣಿವೆ. ಭೂಮಿ ಬಿರುಕು ಬಿಟ್ಟು ಉಂಟಾದ ಈ ಕಣಿವೆಯನ್ನು ಇದೇ ಶಾಲೆಯ ಭೂಪಟದಲ್ಲಿ ನಾನು ಬಣ್ಣದ ಪೆನ್ಸಿಲಿನಲ್ಲಿ ಗುರುತಿಸಿದ್ದೆ. ಅಲ್ಲಿ ಅದು ಬೆರಳಗಲದ ಗೆರೆ. ಇಲ್ಲಿ ಆಚೆ ದಡ ಮಂಜಿನಲ್ಲಿ ಕಾಣಲೇ ಇಲ್ಲ.

ನರೋಕ್ ಪಟ್ಟಣ ದಾಟಿದ ಮೇಲೆ ದಾರಿಯ ಎರಡೂ ಕಡೆ ಕೆಂಪು ಬಟ್ಟೆ ಹೊದ್ದ ದನಗಾಹಿಗಳು. ಚಾಲಕ ರಸ್ತೆ ಬದಿಯ ಒಬ್ಬ ಹೆಂಗಸಿನಿಂದ ಬಾಳೆಹಣ್ಣು ಕೊಂಡು ಫೋನಿನಲ್ಲೇ ದುಡ್ಡು ಕಳಿಸಿದ. ಅದರ ಹೆಸರು ಎಂ-ಪೆಸಾ. 2007ರಿಂದಲೇ ಇದೆ, ಕೀಪ್ಯಾಡ್ ಇರುವ ಸಾದಾ ಫೋನಿನಲ್ಲೂ ನಡೆಯುತ್ತದೆ. ನಮ್ಮ ಯುಪಿಐ ಬಂದದ್ದು 2016ರಲ್ಲಿ. ಸಾಫ್ಟ್‌ವೇರ್‌ನಲ್ಲಿ ನಾವೇ ಮುಂದು ಅಂದುಕೊಂಡಿದ್ದ ನನಗೆ ಆ ಬಾಳೆಹಣ್ಣಿನ ಬುಟ್ಟಿಯ ಮುಂದೆ ಒಂದು ಪಾಠವಾಯಿತು.

ಮಾರಾ ಹತ್ತಿರವಾದಂತೆ ಮಳೆ ಹಿಡಿಯಿತು. ನಮ್ಮ ಗಾಡಿ ಕ್ಯಾಂಪಿಗೆ ಇನ್ನು ನಾಲ್ಕು ಕಿಲೋಮೀಟರ್ ಇರುವಾಗ ಹೂತುಕೊಂಡಿತು. ಇಳಿದು ನೋಡಿದರೆ ಎರೆಮಣ್ಣು! ಅಜ್ಜಂಪುರದ ಕಡೆಯ ಎರೆಹೊಲದ ಹಾಗೆಯೇ ಕಾಲಿಗೆ ಮೆತ್ತುವ ಮಣ್ಣು. ಚಾಲಕ ಗಾಡಿ ರೊಯ್ಯೆನ್ನಿಸಿದಷ್ಟೂ ಚಕ್ರ ಕೆಳಕ್ಕಿಳಿಯಿತು. ಅಪ್ಪ ಕೈ ಸನ್ನೆ ಮಾಡಿ ನಿಲ್ಲಿಸಿಸಿದರು. ಪಂಚೆ ಎತ್ತಿ ಕಟ್ಟಿ, ಚಕ್ರದ ಮುಂದಿನ ಮಣ್ಣು ಬಗೆದು, ಹುಲ್ಲು ಕಿತ್ತು ಕಲ್ಲು ಸೇರಿಸಿ ಹಾಸಿದರು. ನಾನೂ ಚಾಲಕನೂ ಅವರು ಹೇಳಿದ ಹಾಗೆ ಮಾಡಿದೆವು. ಎರಡನೆಯ ಸಲಕ್ಕೆ ಗಾಡಿ ಮೇಲೆ ಬಂತು. ಅವತ್ತಿನಿಂದ ಚಾಲಕ ಅಪ್ಪನನ್ನು ಕರೆಯುತ್ತಿದ್ದದ್ದು "ಮ್ಝೀ" ಎಂದು. ಹಿರಿಯರಿಗೆ ಅವರು ಗೌರವದಿಂದ ಹೇಳುವ ಮಾತು ಅದು.

ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಮಾರಾದೊಳಗೆ. 1,510 ಚದರ ಕಿಲೋಮೀಟರ್ ಹುಲ್ಲು. ಗಾಡಿಯ ಮೇಲ್ಛಾವಣಿ ಎತ್ತಿದರು, ನಿಂತು ನೋಡಿದೆವು. ಜೀಬ್ರಾ, ಥಾಮ್ಸನ್ ಗಜೆಲ್ ಎಂಬ ಸಣ್ಣ ಜಿಂಕೆ, ಜಿರಾಫೆ, ಮರಿಗಳನ್ನು ನಡುವೆ ಹಾಕಿಕೊಂಡ ಆನೆ ಹಿಂಡು. ಒಂದು ಪೊದೆಯ ನೆರಳಿನಲ್ಲಿ ಆರು ಸಿಂಹಗಳು ಹೊಟ್ಟೆ ಮೇಲೆ ಮಾಡಿ ಮಲಗಿದ್ದವು. ಸ್ವಾಹಿಲಿಯಲ್ಲಿ ಸಿಂಹಕ್ಕೆ ಸಿಂಬಾ. ಮಗಳು ಬಾಯಿ ಮುಚ್ಚಿಕೊಂಡೇ ನೋಡಿದಳು.

ಜುಲೈಯಿಂದ ಅಕ್ಟೋಬರ್‌ವರೆಗೆ ಪಕ್ಕದ ಟಾಂಜಾನಿಯಾದ ಸೆರೆಂಗೆಟಿಯಿಂದ ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಮೇವು ಹುಡುಕಿ ಮಾರಾ ಕಡೆಗೆ ಬರುತ್ತವೆ. ಅಪ್ಪ ಅವುಗಳಿಗೆ ಗಡ್ಡದ ದನ ಎಂದು ಹೆಸರಿಟ್ಟರು. ಅವು ಮೊಸಳೆ ಇರುವ ಮಾರಾ ನದಿ ದಾಟುವುದನ್ನು ನೋಡಲೆಂದೇ ಜನ ಬರುವುದು. ನಾವು ದಡದಲ್ಲಿ ಮೂರು ಗಂಟೆ ಕಾದೆವು. ಸಾವಿರಾರು ಬಂದು ದಡದ ಮೇಲೆ ನಿಂತವು, ಇಳಿಯುವ ಹಾಗೆ ಮಾಡಿದವು, ಕೊನೆಗೆ ಹಿಂದಕ್ಕೆ ತಿರುಗಿ ಹೋದವು. ಟಿವಿಯಲ್ಲಿ ತೋರಿಸುವ ದೃಶ್ಯ ನಮಗೆ ಸಿಗಲಿಲ್ಲ. ನನಗೆ ಖರ್ಚು ಮಾಡಿದ ದುಡ್ಡು ನೆನಪಾಗಿ ಬೇಸರವಾಯಿತು. ಅಪ್ಪನಿಗೆ ಸ್ವಲ್ಪವೂ ಆಗಲಿಲ್ಲ. "ಮುಂದಿನದು ಇಳಿಯೋ ತನಕ ಯಾವ ದನಾನೂ ನೀರಿಗೆ ಇಳಿಯಲ್ಲ. ಅವಕ್ಕೆ ನಮ್ಮ ಟಿಕೆಟ್ಟಿನ ಲೆಕ್ಕ ಗೊತ್ತಾ?" ಅಂದರು.

ಸಂಜೆ ಒಂದು ಮಸಾಯಿ ಹಟ್ಟಿಗೆ ಹೋದೆವು. ಸುತ್ತ ಮುಳ್ಳಿನ ಬೇಲಿ, ಒಳಗೆ ದುಂಡಗೆ ಸಗಣಿ ಮಣ್ಣಿನ ಗುಡಿಸಲುಗಳು, ನಡುವೆ ದನ ಕೂಡುವ ಜಾಗ. ನಮ್ಮ ಸೀಮೆಯ ಹಳೆಯ ಗೊಲ್ಲರಹಟ್ಟಿ ನೋಡಿದವರಿಗೆ ಅದು ಹೊಸದಲ್ಲ. ಭುಜದ ಮೇಲೆ ಇಣಿ ಇರುವ ದನಗಳು. ಅಪ್ಪ ನೇರವಾಗಿ ಒಂದು ಹೋರಿಯ ಹತ್ತಿರ ಹೋಗಿ, ಗಂಗೆದೊಗಲು ಸವರಿ, ತುಟಿ ಬಿಡಿಸಿ ಹಲ್ಲು ನೋಡಿ, ನಾಲ್ಕು ಬೆರಳು ತೋರಿಸಿದರು. ನಾಲ್ಕು ಹಲ್ಲು ಹಾಕಿದೆ ಎಂದು. ಅದರ ಒಡೆಯ ಜೋರಾಗಿ ನಕ್ಕು ಅಪ್ಪನ ಕೈ ಹಿಡಿದುಕೊಂಡ. ಆಮೇಲೆ ಅರ್ಧ ಗಂಟೆ ಇಬ್ಬರೂ ಮಾತಾಡಿದರು. ಒಬ್ಬರದು ಕನ್ನಡ, ಇನ್ನೊಬ್ಬರದು ಮಸಾಯಿ. ಆತ ಕಂಬಳಿಯ ಅಂಚು ಉಜ್ಜಿ ನೋಡಿ, ತನ್ನ ಕೆಂಪು ಬಟ್ಟೆ ಕೊಡುತ್ತೇನೆ, ಬದಲಿ ಮಾಡೋಣ ಎಂದು ಸನ್ನೆ ಮಾಡಿದ. ಅಪ್ಪ ತಲೆಯಾಡಿಸಿ, "ಇದು ನಮ್ಮಪ್ಪಂದು, ಕೊಡಂಗಿಲ್ಲ" ಅಂದರು. ಅದೂ ಆತನಿಗೆ ಅರ್ಥವಾಯಿತು.

ಹಿಂದಿರುಗುವಾಗ ಚಾಲಕ ಹೇಳಿದ: ಮಾರಾದ ಸುತ್ತ ಎಷ್ಟೋ ಮಸಾಯಿ ಮನೆತನಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ ವನ್ಯಜೀವಿಗಳಿಗೆ ಬಿಟ್ಟಿವೆ, ಪ್ರವಾಸಿಗರಿಂದ ಬರುವ ದುಡ್ಡಿನಲ್ಲಿ ಅವರಿಗೆ ಗುತ್ತಿಗೆ ಹಣ ಸಿಗುತ್ತದೆ. ಹುಲ್ಲು ಉಳಿದರೆ ದನವೂ ಉಳಿಯುತ್ತದೆ, ಸಿಂಹವೂ ಉಳಿಯುತ್ತದೆ. ಹೇಳಿದವನು ಕೇಳಿದ, "ನಿಮ್ಮೂರಲ್ಲಿ ಇಂಥ ಹುಲ್ಲುಗಾವಲು ಇದೆಯಾ? ಅದರಲ್ಲಿ ಯಾವ ಪ್ರಾಣಿ ಇದೆ?"

ನಾನು ಇಲ್ಲ ಅನ್ನುವುದರಲ್ಲಿದ್ದೆ. ಹಿಂದಿನಿಂದ ಅಪ್ಪ, "ಏನು ಕೇಳ್ತಿದಾನೆ?" ಅಂದರು. ಹೇಳಿದೆ. "ಯಾಕಿಲ್ಲ? ಬಾಸೂರು ಕಾವಲು ಇಲ್ವೇನೋ? ನಾನು ಹುಡುಗನಾಗಿದ್ದಾಗ ಅಲ್ಲಿ ಹಿಂಡು ಹಿಂಡು ಜಿಂಕೆ ನೋಡಿದೀನಿ. ತೋಳ ನೋಡಿದೀನಿ. ಅಮೃತ ಮಹಲ್ ದನ ಮೇಯೋ ಜಾಗ ಕಣೋ ಅದು. ನೀನು ನೋಡೇ ಇಲ್ವಾ?" ನಾನು ನೋಡಿರಲಿಲ್ಲ. ಹತ್ತಾರು ಗಂಟೆ ಹಾರಿ ಬಂದು ಥಾಮ್ಸನ್ ಗಜೆಲ್‌ನ ಐನೂರು ಫೋಟೊ ತೆಗೆದಿದ್ದೆ. ಅದರ ಹತ್ತಿರದ ಸಂಬಂಧಿಯಾದ ಕೃಷ್ಣಮೃಗ ನಮ್ಮದೇ ತಾಲ್ಲೂಕಿನಲ್ಲಿದೆ, ಅದನ್ನು ಕಂಡಿರಲಿಲ್ಲ. ಆಗ ಮೇಷ್ಟ್ರ ಮಾತು ನೆನಪಾಯಿತು. ಚಾಲಕನಿಗೆ ಉತ್ತರ ಕೊಟ್ಟದ್ದು ಅಪ್ಪ. ನಾನು ಬರೀ ಭಾಷಾಂತರ ಮಾಡಿದೆ.

ಮುಂದಿನ ದಿನಗಳ ವಿವರಕ್ಕೆ ಹೋಗುವುದಿಲ್ಲ. ದೀಪಾವಳಿಗೆ ಊರಿಗೆ ಬಂದಾಗ ಅಪ್ಪ, ನಾನು, ಮಗಳು ಬಾಸೂರಿಗೆ ಹೋದೆವು. ಇಲ್ಲಿಂದ ಬೈಕಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು. ಅದರ ದನಗಳ ಮೇವಿಗೆಂದು ಕಾದಿರಿಸಿದ ಹುಲ್ಲುಗಾವಲುಗಳೇ ಕಾವಲು. ಆ ತಳಿಯ ಸಂವರ್ಧನೆ ಕೇಂದ್ರ ಇವತ್ತಿಗೂ ಅಜ್ಜಂಪುರದಲ್ಲಿದೆ. ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಅದರ ವಿಸ್ತೀರ್ಣ ಏಳು ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಮಾರಾದಲ್ಲಿ ಇಂಥವು ಇನ್ನೂರು ಹಿಡಿಯುತ್ತವೆ.

ಬೆಳಗಿನ ಏಳು ಗಂಟೆ. ಹೊಂಬಣ್ಣದ ಹುಲ್ಲು, ಅಲ್ಲಲ್ಲಿ ಜಾಲಿ. ಮೊದಲು ಏನೂ ಕಾಣಲಿಲ್ಲ. ಮಗಳು ತೋರಿಸಿದಳು. ಹೆಣ್ಣುಗಳ ಗುಂಪು, ಅವುಗಳ ಹಿಂದೆ ತಿರುಚಿದ ಕೊಂಬಿನ ಒಂದು ಕರಿ ಗಂಡು. ನಾವು ಎಣಿಸಿದ್ದು 23. ಯಾವುದಕ್ಕೋ ಬೆದರಿ ಒಂದು ನೆಗೆಯಿತು, ಅದರ ಹಿಂದೆ ಎಲ್ಲವೂ ನೆಗೆಯುತ್ತ ಓಡಿದವು. ಅಪ್ಪ, "ಮೊದಲು ಇನ್ನೂ ಎಷ್ಟೋ ಇದ್ದವು" ಅಂದರು. ಬೇರೆ ಏನೂ ಹೇಳಲಿಲ್ಲ.

ಮೇಷ್ಟ್ರೇ, ಇಪ್ಪತ್ತು ವರ್ಷ ತಡವಾಗಿ ನಿಮ್ಮ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೇನೆ. ಸವನ್ನಾ ಅಂದರೆ ಮರ ಇಲ್ಲದೆ ಹಾಳುಬಿದ್ದ ಜಾಗ ಅಲ್ಲ. ಹುಲ್ಲೇ ಅದರ ಕಾಡು. ನಾವು ಕಾವಲನ್ನು ಬೀಳು ಅನ್ನುತ್ತೇವೆ. ಬೀಳು ಅಂದ ಮೇಲೆ ಉಳುವುದೂ ಸರಿ ಅನಿಸುತ್ತದೆ, ಗಿಡ ನೆಡುವುದೂ ಸರಿ ಅನಿಸುತ್ತದೆ, ಕಸ ಸುರಿಯುವುದೂ ಸರಿ ಅನಿಸುತ್ತದೆ. ಹುಲ್ಲು ಹೋದರೆ ಕೃಷ್ಣಮೃಗ ಹೋಗುತ್ತದೆ, ತೋಳ ಹೋಗುತ್ತದೆ, ದನದ ಮೇವೂ ಹೋಗುತ್ತದೆ. ನಮ್ಮ ಅಯ್ಯನಕೆರೆಯ ಏರಿಯ ಮೇಲೆ ನಿಂತಾಗಲೂ ನನಗೆ ಇದೇ ಅನಿಸುತ್ತದೆ. ಇಷ್ಟು ಶತಮಾನ ಉಳಿಸಿಕೊಂಡು ಬಂದ ಹಿರಿಯರ ಕೆರೆಯ ದಡದಲ್ಲಿ ಪ್ಲಾಸ್ಟಿಕ್ ಬಾಟಲಿ ಬಿಟ್ಟು ಹೋಗುವವರು ನಾವೇ. ಒಂದು ಇಡೀ ದೇಶ ಕೈಚೀಲ ಬಿಡಬಹುದಾದರೆ ನಮ್ಮ ಒಂದು ಹೋಬಳಿಗೆ ಆಗದೆ?

ನಮ್ಮ 2004ರ ಬ್ಯಾಚಿನವರು ಮಾತಾಡಿಕೊಂಡು ಒಂದು ತೀರ್ಮಾನ ಮಾಡಿದ್ದೇವೆ. ಈ ವರ್ಷದಿಂದ ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು ಒಂದು ದಿನ ಬಾಸೂರು ಕಾವಲಿಗೆ ಕರೆದೊಯ್ಯುವ ಬಸ್ಸಿನ ಖರ್ಚು ನಮ್ಮದು. ಹತ್ತು ದುರ್ಬೀನುಗಳನ್ನು ಇವತ್ತು ಶಾಲೆಗೆ ಒಪ್ಪಿಸುತ್ತಿದ್ದೇವೆ. ಮಕ್ಕಳು ಎಷ್ಟು ಕೃಷ್ಣಮೃಗ ಕಂಡವು ಎಂದು ಒಂದು ಪುಸ್ತಕದಲ್ಲಿ ಪ್ರತಿ ವರ್ಷ ಬರೆದಿಡಬೇಕು. ಮೊದಲ ಸಾಲನ್ನು ನನ್ನ ಮಗಳು ಬರೆದಿದ್ದಾಳೆ: 23. ಶಾಲೆಗೆ ನೂರು ತುಂಬುವ ಹೊತ್ತಿಗೆ ಆ ಅಂಕಿ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಈ ಮುಂದೆ ಕೂತಿರುವ ಮಕ್ಕಳಲ್ಲಿ ಯಾರಾದರೂ ಇದೇ ವೇದಿಕೆಯಲ್ಲಿ ನಿಂತು ಹೇಳಲಿ.

ಮಕ್ಕಳೇ, ನೀವೂ ಆಫ್ರಿಕಾಕ್ಕೆ ಹೋಗಿ. ಖಂಡಿತ ಹೋಗಿ. ಆದರೆ ಮೊದಲು ಬಾಸೂರಿಗೆ ಹೋಗಿ ಬನ್ನಿ. ನಿಮ್ಮೂರಲ್ಲಿ ಏನಿದೆ ಎಂದು ಅಲ್ಲಿ ಯಾರಾದರೂ ಕೇಳಿದರೆ ಉತ್ತರ ನೀವೇ ಹೇಳುವ ಹಾಗಾಗಲಿ.

ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಎತ್ತಿಗೆ ನೀರು ತೋರಿಸುವ ಹೊತ್ತಾಯಿತು ಎಂದು ಗಡಿಯಾರ ನೋಡುತ್ತಿದ್ದಾರೆ. ಇಲ್ಲಿಗೆ ನಿಲ್ಲಿಸುತ್ತೇನೆ.